ಬಿಳಿ ಅಂಚು ಎಲ್ಲಿ ಹೋಯಿತು? ಒಂದು ಚಿತ್ರಪುಸ್ತಕದ ಓದು

ಕಥೆ ಬರೆದು, ಪಕ್ಕಕ್ಕೊಂದು ಚಿತ್ರ ಹಾಕಿದರೆ ಚಿತ್ರಪುಸ್ತಕ ಆಯಿತು ಅಂತ ನಾನು ಬಹಳ ದಿನ ತಿಳಿದಿದ್ದೆ. ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ (1968) ಅದನ್ನು ಬಿಡಿಸಿತು. ಇಂಗ್ಲಿಷ್‌ನಲ್ಲಿ ಇಡೀ ಪುಸ್ತಕಕ್ಕೆ 32 ಪದ. ಕೋಳಿಯೊಂದು ಸುತ್ತಾಡಿಕೊಂಡು ಊಟದ ಹೊತ್ತಿಗೆ ಮನೆಗೆ ಬಂತು, ಅಷ್ಟೇ ಮಾತು. ಹಿಂದೆಯೇ ಹೊಂಚು ಹಾಕಿ ಬರುವ ನರಿ ಚಿತ್ರದಲ್ಲಿ ಮಾತ್ರ ಇದೆ. ಓದಿ ಹೇಳುವವರ ಬಾಯಲ್ಲಿ ನರಿಯ ಸುದ್ದಿಯೇ ಇಲ್ಲ. ಓದಲು ಬಾರದ ಮಗುವಿಗೆ ಅದು ಕಾಣುತ್ತಿರುತ್ತದೆ!

ಇದನ್ನು ಮನಸ್ಸಲ್ಲಿಟ್ಟುಕೊಂಡು ಮಾರಿಸ್ ಸೆಂಡಾಕ್ ಅವರ ‘ವೇರ್ ದಿ ವೈಲ್ಡ್ ಥಿಂಗ್ಸ್ ಆರ್’ಗೆ ಬರೋಣ. ಅಮೆರಿಕದಲ್ಲಿ 1963ರಲ್ಲಿ ಬಂದ ಪುಸ್ತಕ. ಮರುವರ್ಷ ಕಾಲ್ಡೆಕಾಟ್ ಪದಕ (ಚಿತ್ರಪುಸ್ತಕದ ಚಿತ್ರಗಳಿಗೆ ಅಮೆರಿಕದಲ್ಲಿ ಕೊಡುವ ಪ್ರಶಸ್ತಿ) ಸಿಕ್ಕಿತು. ಕಥೆ ಚಿಕ್ಕದು. ತೋಳದ ವೇಷ ಹಾಕಿದ ಮ್ಯಾಕ್ಸ್ ಮನೆಯಲ್ಲಿ ತುಂಟಾಟ ಮಾಡುತ್ತಾನೆ. ಅಮ್ಮ ಬೈದಾಗ ‘ನಿನ್ನನ್ನೇ ತಿಂದುಬಿಡ್ತೀನಿ’ ಅನ್ನುತ್ತಾನೆ. ಊಟವಿಲ್ಲದೆ ಕೋಣೆಗೆ ಹೋಗಬೇಕಾಗುತ್ತದೆ. ಕೋಣೆಯಲ್ಲಿ ಕಾಡು ಬೆಳೆಯುತ್ತದೆ. ಅವನು ದೋಣಿ ಹತ್ತಿ ವಿಕಾರ ಪ್ರಾಣಿಗಳ ನಾಡಿಗೆ ಹೋಗಿ, ಅಲ್ಲಿ ರಾಜನಾಗಿ, ಕೊನೆಗೆ ಮನೆಗೆ ಬರುತ್ತಾನೆ.

ಈಗ ಕಥೆ ಬಿಟ್ಟು ಬಿಳಿ ಅಂಚನ್ನಷ್ಟೇ ನೋಡಿ. ಮೊದಲ ಚಿತ್ರ ಪುಟ್ಟದು, ಸುತ್ತ ಅಗಲವಾದ ಖಾಲಿ ಬಿಳುಪು. ಮನೆ, ಗೋಡೆ, ಬೈಗುಳ ಎಲ್ಲವೂ ಆ ಚೌಕಟ್ಟಿನೊಳಗೆ ಇಕ್ಕಟ್ಟಾಗಿವೆ. ಪುಟ ತಿರುಗಿಸಿದಂತೆ ಅಂಚು ಸವೆಯುತ್ತದೆ. ಕಾಡು ಪೂರ್ತಿ ಬೆಳೆದಾಗ ಚಿತ್ರ ಇಡೀ ಪುಟ ತುಂಬಿರುತ್ತದೆ. ಆಮೇಲೆ ಎದುರು ಪುಟಕ್ಕೂ ಕಾಲು ಚಾಚಿ, ಮಾತನ್ನು ಕೆಳಗೆ ತಳ್ಳುತ್ತದೆ. ಪ್ರಾಣಿಗಳ ಜೊತೆ ಕುಣಿತ ಶುರುವಾದ ಮೇಲೆ ಮೂರು ಜೋಡಿಪುಟಗಳಲ್ಲಿ ಒಂದಕ್ಷರವೂ ಇಲ್ಲ. ಹುಡುಗನ ಕಲ್ಪನೆ ಎಷ್ಟು ಹಿಗ್ಗಿತು ಅಂತ ಲೇಖಕರು ಎಲ್ಲೂ ಬರೆಯುವುದಿಲ್ಲ. ಅದನ್ನು ಕಾಗದದ ಮೇಲೆ ಅಳೆದು ತೋರಿಸಿದ್ದಾರೆ, ಅಲ್ವಾ?

ನಾನು ಮೊದಲ ಸಲ ಅಕ್ಕನ ಮಗಳಿಗೆ ಇದನ್ನು ಓದುವಾಗ ಆ ಮೂರು ಕಡೆ ‘ನೋಡು, ಇಲ್ಲಿ ಏನು ಮಾಡ್ತಿದಾರೆ’ ಅಂತ ವಿವರಿಸಲು ಹೋದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಅಲ್ಲಿ ಸುಮ್ನೆ ಇರಬೇಕು, ಪುಟ ತಿರುಗಿಸುವುದನ್ನೂ ಮಗುವಿಗೇ ಬಿಡಬೇಕು.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಸೆಂಡಾಕ್ 1928ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಪೋಲೆಂಡಿನಿಂದ ಬಂದ ಯಹೂದಿಗಳು. ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ಭಾಷೆ) ಮಾತಾಡುವ ಅಮ್ಮಂದಿರು ತುಂಟ ಮಕ್ಕಳನ್ನು ಕಾಡುಪ್ರಾಣಿ ಅಂತ ಬೈಯುವುದುಂಟು. ಪುಸ್ತಕದ ‘ವೈಲ್ಡ್ ಥಿಂಗ್ಸ್’ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಮನೆಗೆ ಬರುತ್ತಿದ್ದ ನೆಂಟರು ಕೆನ್ನೆ ಹಿಂಡಿ ‘ತಿಂದುಬಿಡೋಣ ಅನ್ನಿಸುತ್ತೆ’ ಅನ್ನುತ್ತಿದ್ದರಂತೆ. ಅವರೇ ಪುಸ್ತಕದ ಪ್ರಾಣಿಗಳಾದರು. ನಮ್ಮಲ್ಲೂ ಅಜ್ಜಿಯರು ಕೂಸನ್ನು ಎತ್ತಿಕೊಂಡು ‘ನಿನ್ನ ತಿಂದೇ ಬಿಡ್ತೀನಿ’ ಅನ್ನುತ್ತಾರೆ. ಹಾಗಾಗಿ ಕನ್ನಡದಲ್ಲಿ ಹೇಳುವಾಗ ಈ ಮಾತು ಸಲೀಸಾಗಿ ಕೂರುತ್ತದೆ. ಮ್ಯಾಕ್ಸ್ ಸಿಟ್ಟಿನಲ್ಲಿ ಆಡಿದ ಮಾತನ್ನೇ, ಅವನು ಹೊರಟು ನಿಂತಾಗ, ಪ್ರಾಣಿಗಳು ಪ್ರೀತಿಯಿಂದ ಆಡುತ್ತವೆ. ಎರಡು ಕಡೆಯೂ ಒಂದೇ ಕ್ರಿಯಾಪದ ಬಳಸಿ, ದಯವಿಟ್ಟು ಬದಲಿಸಬೇಡಿ.

ಮಕ್ಕಳು ಹೆದರುತ್ತಾರೆ ಅನ್ನುವ ದೂರು ಆಗಲೇ ಬಂದಿತ್ತು. ಮನಶ್ಶಾಸ್ತ್ರಜ್ಞ ಬ್ರೂನೋ ಬೆಟೆಲ್‌ಹೈಮ್ ಪುಸ್ತಕ ಓದದೆಯೇ ಆಕ್ಷೇಪ ಎತ್ತಿದ್ದರು. ನನಗೆ ಆ ಆಕ್ಷೇಪ ಒಪ್ಪಿಗೆಯಿಲ್ಲ. ಮ್ಯಾಕ್ಸ್ ಕಣ್ಣು ಮಿಟುಕಿಸದೆ ನೋಡಿಯೇ ಆ ಪ್ರಾಣಿಗಳನ್ನು ಪಳಗಿಸುತ್ತಾನೆ. ಹೆದರಿಕೆಯ ಕೀಲಿ ಮಗುವಿನ ಕೈಯಲ್ಲೇ ಇದೆ.

ವಾಪಸ್ ಕೋಣೆಗೆ ಬಂದಾಗ ಕಿಟಕಿಯಲ್ಲಿ ಚಂದ್ರನನ್ನು ಹುಡುಕಿ. ಹೊರಡುವಾಗ ಕುಡುಗೋಲಿನಂತೆ ಇದ್ದವನು ಈಗ ದುಂಡಗಿದ್ದಾನೆ. ಮೇಜಿನ ಮೇಲೆ ಊಟ ಕಾಯುತ್ತಿದೆ. ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ. ಊಟ ಇನ್ನೂ ಬಿಸಿಯಾಗಿತ್ತು ಅನ್ನುವ ಒಂದೇ ಮಾತು. ‘ಬಿಸಿ’ ಬೇಡ, ‘ಬೆಚ್ಚಗೆ’ ಅನ್ನಿ ಅಂತ ಪ್ರಕಾಶಕರ ಕಡೆಯವರು ಕೇಳಿದ್ದರು. ಬೆಚ್ಚಗಿರುವುದು ನಾಲಿಗೆ ಸುಡುವುದಿಲ್ಲ ಅಂತ ಸೆಂಡಾಕ್ ಒಪ್ಪಲಿಲ್ಲ.