ಬಾಣಂತನದ ಮಾತು ಏಳನೆಯ ತಿಂಗಳಲ್ಲೇ ಆಗಲಿ

ಏಳನೆಯ ತಿಂಗಳ ತಪಾಸಣೆಗೆ ಬರುವ ಗರ್ಭಿಣಿಯರಿಗೆ, ಹೆರಿಗೆಯ ನಂತರ ರಾತ್ರಿ ಹೊತ್ತು ನಿಮ್ಮೊಂದಿಗೆ ಎಚ್ಚರವಾಗಿರುವವರು ಯಾರು ಎಂದು ನಾನು ತಪ್ಪದೆ ಕೇಳುತ್ತೇನೆ. ಬಾಣಂತನ ತವರಿನಲ್ಲಿ ಎಂಬ ಉತ್ತರ ಕೂಡಲೇ ಬರುತ್ತದೆ. ಆದರೆ ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಹೆಚ್ಚಿನ ಮನೆಗಳಲ್ಲಿ ಇನ್ನೂ ಮಾತನಾಡಿರುವುದಿಲ್ಲ. ಅಜ್ಜಿ, ಚಿಕ್ಕಮ್ಮ, ಅತ್ತಿಗೆಯರು ಹಂಚಿಕೊಂಡು ಮಾಡುತ್ತಿದ್ದ ಬಾಣಂತನ ಈಗ ಅನೇಕ ಕಡೆ ತಾಯಿಯೊಬ್ಬರ ಹೆಗಲಿಗೇ ಬಿದ್ದಿದೆ. ಆ ತಾಯಿಗೋ ಮಂಡಿನೋವು, ಸಕ್ಕರೆ ಕಾಯಿಲೆ ಇಲ್ಲವೇ ಉದ್ಯೋಗವಿರುತ್ತದೆ.

ಹುಟ್ಟಿದ ಮಗುವಿಗೆ ದಿನಕ್ಕೆ 8ರಿಂದ 12 ಬಾರಿ ಹಾಲೂಡಿಸಬೇಕು. ಮೊಲೆಯೂಡುವ ಕೆಲಸ ತಾಯಿಯದೇ ಆದರೂ ಮಗುವನ್ನು ಎತ್ತಿಕೊಡುವುದು, ತೇಗು ಬರಿಸುವುದು, ಬಟ್ಟೆ ಬದಲಿಸಿ ಮಲಗಿಸುವುದು ಇವೆಲ್ಲವನ್ನೂ ಗಂಡ ಮಾಡಬಲ್ಲ. ಸಿಸೇರಿಯನ್ ಆದವರಿಗಂತೂ ಮೊದಮೊದಲು ಹಾಸಿಗೆಯಿಂದ ಏಳುವುದೇ ಕಷ್ಟವಾದ್ದರಿಂದ, ಅವನ ರಜೆಯನ್ನು ನಾಮಕರಣಕ್ಕೆಂದು ಎತ್ತಿಡದೆ ಈ ವಾರಗಳಿಗೆ ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಉದ್ಯೋಗಸ್ಥೆಯರು ತಮ್ಮ ರಜೆಯ ಲೆಕ್ಕವನ್ನೂ ಈಗಲೇ ಹಾಕಬೇಕು. 2017ರ ತಿದ್ದುಪಡಿಯ ನಂತರ ಕಾನೂನು ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ನೀಡುತ್ತದೆ. ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಂಡರೆ ನಂತರ ಉಳಿಯುವುದು 18 ವಾರ. ಮಗುವಿಗಾದರೋ ಆರು ತಿಂಗಳು ಎದೆಹಾಲೇ ಆಹಾರ.

ಪಥ್ಯದ ವಿಷಯ ಹೆಚ್ಚು ಸೂಕ್ಷ್ಮವಾದದ್ದು. ಅಂಟಿನುಂಡೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಸಾರು ಇವುಗಳಿಗೆ ನನ್ನ ಆಕ್ಷೇಪವಿಲ್ಲ. ಆದರೆ ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರನ್ನೇ ಕಡಿಮೆ ಮಾಡಿದರೆ ಮಲಬದ್ಧತೆ, ಉರಿಮೂತ್ರಗಳು ಕಾಡುತ್ತವೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಹೆರಿಗೆಯಾದ ಮೇಲೆ, ನಿದ್ದೆಗೆಟ್ಟ ಮಗಳು ಈ ಮಾತನ್ನು ತನ್ನ ತಾಯಿಗೆ ಹೇಳಿದರೆ ಅದು ಜಗಳವಾಗುತ್ತದೆ. ಆದ್ದರಿಂದ ಬಾಣಂತನ ಮಾಡುವ ಹಿರಿಯರನ್ನು ಒಂದು ತಪಾಸಣೆಗಾದರೂ ಜೊತೆಗೆ ಕರೆತರಲು ಹೇಳುತ್ತೇನೆ; ಅವರ ಅನುಭವವನ್ನು ಕೇಳಿಸಿಕೊಂಡು, ಕಾರಣ ವಿವರಿಸಿದರೆ ಒಪ್ಪುವವರೇ ಹೆಚ್ಚು.

ತವರಿಗೆ ಹೋಗುವವರು ತಪಾಸಣೆಯ ವಿವರಗಳಿರುವ ತಾಯಿ ಕಾರ್ಡನ್ನು ಕೊಂಡೊಯ್ದು ಅಲ್ಲಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ 3, 7, 14, 21, 28 ಮತ್ತು 42ನೆಯ ದಿನ ಭೇಟಿ ನೀಡುವ ವ್ಯವಸ್ಥೆಯಿದೆ. ಹೆಸರು ಗಂಡನ ಮನೆಯ ಊರಿನಲ್ಲಿ ನೋಂದಾಯಿತವಾಗಿ, ಬಾಣಂತಿ ಬೇರೆ ಊರಿನಲ್ಲಿದ್ದರೆ ಈ ಭೇಟಿಗಳು ತಪ್ಪಿಹೋಗುವ ಸಾಧ್ಯತೆ ಹೆಚ್ಚು.

ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಆ ಬೇಸರ ಎರಡು ವಾರ ದಾಟಿದರೆ, ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಮಗುವಿಗೆ ಅಥವಾ ತನಗೆ ಹಾನಿ ಮಾಡಿಕೊಳ್ಳುವ ಮಾತು ಬಂದರೆ, ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವಿಕೆ, ಜ್ವರ, ಉಸಿರಾಟದ ತೊಂದರೆ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಬಾಣಂತಿ ತಾನಾಗಿ ಹೇಳಿಕೊಳ್ಳಲಾರದ ಸ್ಥಿತಿಯಲ್ಲಿರಬಹುದಾದ್ದರಿಂದ, ಈ ಲಕ್ಷಣಗಳನ್ನು ರಾತ್ರಿ ಪಕ್ಕದಲ್ಲಿ ಮಲಗುವವರಿಗೇ ಮೊದಲು ತಿಳಿಸಿಡಿ.