ಉರಿಯುವ ಪಾದಕ್ಕೆ ಬೆಳಕು ಹಿಡಿಯುವ ಮುನ್ನ

"ಕಾಲುರಿಗೆ ಲೈಟ್ ಟ್ರೀಟ್‌ಮೆಂಟ್ ಬಂದಿದೆಯಂತೆ, ನನಗೂ ಕೊಡ್ತೀರಾ?" ಫಿಸಿಯೋಥೆರಪಿಗೆ ಬರುವ ಸಕ್ಕರೆ ಕಾಯಿಲೆಯವರು ಹೀಗೆ ಕೇಳುವುದು ಈಚೆಗೆ ಜಾಸ್ತಿಯಾಗಿದೆ. ಸಕ್ಕರೆ ಕಾಯಿಲೆಯಿಂದ ಪಾದದ ನರ ಕೆಟ್ಟು ಹಗಲಿಡೀ ಜೋಮು, ರಾತ್ರಿ ಮಲಗಿದರೆ ಉರಿ. ಹೊದಿಕೆ ತಗುಲಿದರೂ ತಡೆಯಲಾಗದು. ಮಾತ್ರೆ ನುಂಗಿದರೆ ಮಾರನೇ ದಿನವೂ ತೂಕಡಿಕೆ. ಅಂಥವರಿಗೆ ಈ ಚಿಕಿತ್ಸೆಯ ಮೇಲೆ ಆಸೆ ಹುಟ್ಟುವುದು ಸಹಜ. ನಾನೂ ಇದನ್ನು ಕೊಡುತ್ತೇನೆ. ಆದರೆ ಮೆಷಿನ್ ಆನ್ ಮಾಡುವ ಮೊದಲು ಪಾದಕ್ಕೆ ಸ್ಪರ್ಶ ಎಷ್ಟು ಉಳಿದಿದೆ ಎಂದು ನೋಡಲೇಬೇಕು.

ಈ ಲೈಟ್ ಟ್ರೀಟ್‌ಮೆಂಟ್‌ನಲ್ಲಿ ಬಳಸುವುದು ನಿಯರ್ ಇನ್‌ಫ್ರಾರೆಡ್, ಎಂದರೆ ಕಣ್ಣಿಗೆ ಕಾಣುವ ಕೆಂಪಿನ ಆಚೆಗಿರುವ ಬೆಳಕು. ಚಿಕಿತ್ಸೆಗೆ ಹೆಚ್ಚಾಗಿ 800ರಿಂದ 900 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರ ಬಳಸುತ್ತೇವೆ. ಲೇಸರ್‌ನಿಂದಲೂ ಕೊಡಬಹುದು, ಎಲ್‌ಇಡಿ ಪ್ಯಾಡ್‌ನಿಂದಲೂ ಕೊಡಬಹುದು. ಇಂಥ ಚಿಕಿತ್ಸೆಯ ಬೇರು ಇರುವುದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡಲು ಎಂಡ್ರೆ ಮೆಸ್ಟರ್ ಎಂಬ ವೈದ್ಯರು 1967ರಲ್ಲಿ ಇಲಿಗಳ ಕೂದಲು ಬೋಳಿಸಿ ಕೆಂಪು ಲೇಸರ್ ಬಿಟ್ಟರು. ಕ್ಯಾನ್ಸರ್ ಬರಲಿಲ್ಲ. ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬಂತು.

ನಮ್ಮ ಜೀವಕೋಶಗಳಿಗೆ ಶಕ್ತಿ ತಯಾರಿಸಿಕೊಡುವುದು ಮೈಟೊಕಾಂಡ್ರಿಯಾ. ಅದರಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಈ ಬೆಳಕನ್ನು ಹೀರಿಕೊಳ್ಳುತ್ತದೆ, ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ ಎಂಬುದು ಹೆಚ್ಚು ಬಳಕೆಯಲ್ಲಿರುವ ವಿವರಣೆ. ಪ್ರಯೋಗಾಲಯದಲ್ಲಿ ಇದಕ್ಕೆ ಬೆಂಬಲವಿದೆ. ಆದರೆ ಚರ್ಮ ದಾಟಿ ಒಳಗೆ ಹೋದಂತೆಲ್ಲ ಬೆಳಕು ಕ್ಷೀಣಿಸುತ್ತದೆ. ಪಾದದಲ್ಲಿ ಚರ್ಮದ ಹತ್ತಿರವೇ ಇರುವ ನರಕ್ಕೆ ಒಂದಿಷ್ಟು ತಲುಪೀತು. ಸೊಂಟದ ಆಳದಲ್ಲಿರುವ ನರದ ಬೇರಿಗೆ ಅಷ್ಟು ತಲುಪುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು, ಯಾಕೆಂದರೆ ಇದರಿಂದ ಕಾಲಿಗೇ ಅಪಾಯ. ಅಂಗಡಿಯಲ್ಲಿ ಸಿಗುವ ಕೆಂಪು ಬಲ್ಬಿನ ಶಾಖದ ದೀಪಕ್ಕೂ ಜನ ಇನ್‌ಫ್ರಾರೆಡ್ ಅಂತಲೇ ಹೇಳುತ್ತಾರೆ. ಅದರ ಕೆಲಸವೇ ಬಿಸಿ ಮಾಡುವುದು. ಮಂಡಿ ಹಿಡಿದುಕೊಂಡವರಿಗೆ ಅದು ಹಿತ. ನರ ಕೆಟ್ಟ ಪಾದಕ್ಕೆ ಬೇಡವೇ ಬೇಡ. ಆ ಪಾದ ಉರಿಯುತ್ತಿದ್ದರೂ ಹೊರಗಿನ ಬಿಸಿ ಅದಕ್ಕೆ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದು ಒಡೆದು, ಹಾಸಿಗೆಗೆ ನೀರು ಅಂಟಿದ ಮೇಲೆ ಮನೆಯವರ ಕಣ್ಣಿಗೆ ಬೀಳುತ್ತದೆ. ಬಿಸಿನೀರಿನ ಚೀಲ, ಉಪ್ಪು ಹುರಿದು ಕಟ್ಟಿದ ಗಂಟು, ಬಕೆಟ್ಟಿನ ಬಿಸಿನೀರು, ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಅಂಥ ಸುಟ್ಟಗಾಯ ಬೇಗ ಒಣಗದು. ಸೋಂಕು ಮೂಳೆಗೆ ಇಳಿದರೆ ಬೆರಳನ್ನೇ ತೆಗೆಯಬೇಕಾಗಬಹುದು. ಹೆಚ್ಚು ಶಕ್ತಿಯ ಲೇಸರ್‌ನಲ್ಲೂ ಬಿಸಿಯ ಅಪಾಯ ಇದ್ದೇ ಇದೆ. ಚರ್ಮದ ಮೆಲನಿನ್ ಬೆಳಕನ್ನು ಹೀರುವುದರಿಂದ ಕಪ್ಪು ಮೈಬಣ್ಣದವರ ಚರ್ಮ ಬೇಗ ಕಾಯುತ್ತದೆ. ನಮ್ಮ ಜನರ ಮಟ್ಟಿಗೆ ಇದು ದೊಡ್ಡ ವಿಷಯ.

ಸ್ಪರ್ಶ ನೋಡುವುದು ಕಷ್ಟದ ಕೆಲಸವೇನಲ್ಲ. 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆ ಇರುತ್ತದೆ. ಅದು ಬಾಗುವಷ್ಟು ಮಾತ್ರ ಅಂಗಾಲಿಗೆ ಒತ್ತಿ, ಕಣ್ಣು ಮುಚ್ಚಿದವರಿಗೆ ಗೊತ್ತಾಯಿತೇ ಎಂದು ಕೇಳುತ್ತೇವೆ. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳ ಮೇಲಿಟ್ಟು ಕಂಪನ ತಿಳಿಯಿತೇ ಎಂದು ನೋಡುತ್ತೇವೆ. ಪರೀಕ್ಷೆಯಲ್ಲಿ ಸ್ಪರ್ಶ ಪೂರ್ತಿ ಹೋಗಿದೆ ಎಂದು ಕಂಡರೆ ಬಿಸಿಯಾಗುವ ಯಾವ ಉಪಕರಣವನ್ನೂ ನಾನು ಆ ಪಾದದ ಹತ್ತಿರ ತರುವುದಿಲ್ಲ.

ಇನ್ನು ಇದು ಕೆಲಸ ಮಾಡುತ್ತದೆಯೇ? ಅಮೆರಿಕದಲ್ಲಿ 890 ನ್ಯಾನೋಮೀಟರ್‌ನ ಪ್ಯಾಡ್‌ಗಳು ಒಂದು ಕಾಲಕ್ಕೆ ಭಾರೀ ಹೆಸರು ಮಾಡಿದ್ದವು. ಮರಗಟ್ಟಿದ ಪಾದಕ್ಕೆ ಸ್ಪರ್ಶ ಮರಳುತ್ತದೆ ಎಂದು ಮೊದಲ ವರದಿಗಳು ಹೇಳಿದವು. ಆಮೇಲೆ 2005ರಲ್ಲಿ ಒಂದು ಅಧ್ಯಯನ ಬಂತು. ಅರ್ಧ ಜನರಿಗೆ ನಿಜವಾದ ಪ್ಯಾಡ್, ಉಳಿದವರಿಗೆ ಬೆಳಕು ಬಾರದ ನಕಲಿ ಪ್ಯಾಡ್. ಯಾರಿಗೆ ಯಾವುದು ಎಂದು ರೋಗಿಗೆ ತಿಳಿಯದು. ಎರಡೂ ಗುಂಪಿನಲ್ಲಿ ಸ್ಪರ್ಶ ಸುಧಾರಿಸಿತು, ಅದೂ ಹೆಚ್ಚುಕಡಿಮೆ ಸಮವಾಗಿ! 2008ರಲ್ಲಿ ಮನೆಯಲ್ಲೇ 90 ದಿನ ಬಳಸಿ ನೋಡಿದಾಗಲೂ ನಿಜವಾದ ಪ್ಯಾಡ್ ನಕಲಿಯನ್ನು ಮೀರಲಿಲ್ಲ. ಅಷ್ಟರೊಳಗೆ, 2006ರಲ್ಲೇ, ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ನರದ ತೊಂದರೆಗೆ ಈ ಸಾಧನಗಳ ಖರ್ಚು ಕೊಡುವುದಿಲ್ಲ ಎಂದು ತೀರ್ಮಾನಿಸಿತ್ತು.

ಲೇಸರ್ ಬಳಸಿದ ಅಧ್ಯಯನಗಳು ಸ್ವಲ್ಪ ಭರವಸೆ ಕೊಡುತ್ತವೆ. ನಮ್ಮ ಮಣಿಪಾಲದಲ್ಲೂ ಸಕ್ಕರೆ ಕಾಯಿಲೆಯ ನರನೋವಿನವರ ಮೇಲೆ ಲೇಸರ್ ಪ್ರಯತ್ನಿಸಿ, ನೋವು ಕಡಿಮೆಯಾಗಿದ್ದನ್ನು ದಾಖಲಿಸಿದ್ದಾರೆ. ಆದರೆ ಅದು ಸಣ್ಣ ಅಧ್ಯಯನ, ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಬೇರೆ ಕಡೆಯ ಅಧ್ಯಯನಗಳಲ್ಲೂ ಹಲವು ಚಿಕ್ಕವು. ಒಬ್ಬೊಬ್ಬರು ಒಂದೊಂದು ಡೋಸ್ ಕೊಟ್ಟಿದ್ದಾರೆ. ಈ ಚಿಕಿತ್ಸೆಯಲ್ಲಿ ಜಾಸ್ತಿ ಕೊಟ್ಟರೆ ಜಾಸ್ತಿ ಗುಣ ಎಂಬ ಲೆಕ್ಕವೂ ನಡೆಯುವುದಿಲ್ಲ. ಒಂದು ಮಟ್ಟ ಮೀರಿದರೆ ಪರಿಣಾಮ ತಗ್ಗುತ್ತದೆ.

ಹಾಗಾಗಿ ನಾನು ರೋಗಿಗೆ ಹೇಳುವುದು ಇಷ್ಟು: ಇದರಿಂದ ಉರಿ ಸ್ವಲ್ಪ ಇಳಿಯಬಹುದು, ನಿದ್ದೆ ಸ್ವಲ್ಪ ಸುಧಾರಿಸಬಹುದು. ಸತ್ತ ನರ ಬದುಕುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರೀಗ್ಯಾಬಲಿನ್, ಡುಲೋಕ್ಸೆಟಿನ್‌ನಂಥ ನರನೋವಿನ ಮಾತ್ರೆಗಳನ್ನು ಸುಮ್ನೆ ನಿಲ್ಲಿಸಬೇಡಿ. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಮಾಂಸ, ಮೊಟ್ಟೆ ಮುಟ್ಟದವರಲ್ಲಿ ಅದು ಇನ್ನೂ ಬೇಗ ಇಳಿಯಬಹುದು. ಅದರಿಂದಲೂ ಇದೇ ಜೋಮು, ಇದೇ ಉರಿ. ರಕ್ತಪರೀಕ್ಷೆಯಲ್ಲಿ ಪತ್ತೆಯಾಗಿ, ಔಷಧಿಯಿಂದ ಸರಿಪಡಿಸಬಹುದಾದ ಇಂಥ ಕಾರಣವನ್ನು ಬಿಟ್ಟು ತಿಂಗಳುಗಟ್ಟಲೆ ಬೆಳಕಿಗೆ ದುಡ್ಡು ಸುರಿಯುವವರನ್ನು ನೋಡಿದಾಗ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಉರಿ ನಿಂತುಹೋದರೆ ವಾಸಿಯಾಯಿತು ಅಂತ ಸಂತೋಷಪಡುತ್ತೇವೆ, ಅಲ್ವಾ? ನರ ಪೂರ್ತಿ ಕೆಟ್ಟಾಗಲೂ ಉರಿ ನಿಲ್ಲುತ್ತದೆ. ಕಾಲಿನಿಂದ ಚಪ್ಪಲಿ ಕಳಚಿದ್ದೂ ತಿಳಿಯದ ಸ್ಥಿತಿ ಅದು. ಅದಕ್ಕೇ ಚಿಕಿತ್ಸೆ ಮುಗಿದ ಮೇಲೂ ಮೊನೊಫಿಲಮೆಂಟ್ ಪರೀಕ್ಷೆ ಮತ್ತೆ ಮಾಡುತ್ತೇನೆ. ನೋವಿನ ಅಂಕಿ ಇಳಿದು ಸ್ಪರ್ಶವೂ ಇಳಿದಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ.

ಲೇಸರ್ ಕೊಡುವಾಗ ರೋಗಿ ಮತ್ತು ಕೊಡುವವರು ಇಬ್ಬರಿಗೂ ಲೇಸರ್ ತಡೆಯುವ ಕನ್ನಡಕ ಕಡ್ಡಾಯ. ಈ ಬೆಳಕು ಕಾಣುವುದಿಲ್ಲ, ಹಾಗಾಗಿ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಕ್ಯಾನ್ಸರ್ ಗಡ್ಡೆಯ ಮೇಲೆ, ಗರ್ಭಿಣಿಯ ಹೊಟ್ಟೆಯ ಮೇಲೆ ಕೊಡುವುದಿಲ್ಲ.

ಮನೆಗೇ ಮೆಷಿನ್ ಕೊಳ್ಳುವವರು ತರಂಗಾಂತರ ಎಷ್ಟು, ಶಕ್ತಿ ಎಷ್ಟು ಎಂದು ಕೇಳಿ. ಅದನ್ನು ಹೇಳಲಾರದವರ ಬಳಿ ಕೊಳ್ಳಬೇಡಿ. ನಾಲ್ಕು ವಾರ ನೋಡಿಯೂ ರಾತ್ರಿಯ ಉರಿ ಇಳಿಯದಿದ್ದರೆ ನಾನೇ ನಿಲ್ಲಿಸುತ್ತೇನೆ. ಆ ದುಡ್ಡಿನಲ್ಲಿ ಮೆತ್ತನೆಯ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ ಕೊಂಡು, ಮನೆಯೊಳಗೂ ಹಾಕಿಕೊಳ್ಳಲು ಹೇಳುತ್ತೇನೆ.