ತಾರೀಖಿಲ್ಲದ ಕಟಿಂಗು: ಸುದ್ದಿ ಹಂಚಿಕೊಳ್ಳುವ ಅಭ್ಯಾಸ ನಡೆದು ಬಂದ ದಾರಿ

ವಾಟ್ಸಾಪ್ ಗ್ರೂಪಿಗೆ ಒಂದು ಪೇಪರ್ ಕಟಿಂಗಿನ ಫೋಟೋ ಬಂದು ಬೀಳುತ್ತದೆ. ಹೆಡ್ಡಿಂಗು ಇದೆ, ಕೆಳಗೆ ನಾಲ್ಕು ಪ್ಯಾರಾ ಇದೆ. ಪತ್ರಿಕೆಯ ಹೆಸರಿಲ್ಲ, ತಾರೀಖಿಲ್ಲ. ಕೊನೆಯ ಸಾಲು ಅರ್ಧಕ್ಕೇ ತುಂಡಾಗಿದೆ. ಕಳಿಸಿದವರು ತಮ್ಮದೊಂದು ಮಾತೂ ಬರೆದಿಲ್ಲ. ಸ್ವಲ್ಪ ಹೊತ್ತಿಗೆ ಕೈ ಮುಗಿಯುವ ಇಮೋಜಿ ಬರುತ್ತದೆ, ಹೆಬ್ಬೆರಳು ಬರುತ್ತದೆ. ಆಮೇಲೆ ಯಾರೋ ಒಬ್ಬರು "ಇದು ಹಳೇದಲ್ವಾ?" ಅಂತ ಕೇಳುತ್ತಾರೆ. ಉತ್ತರವಿಲ್ಲ. ಅಷ್ಟರಲ್ಲಿ ಇನ್ಯಾರದೋ ಹುಟ್ಟುಹಬ್ಬ, ಕೇಕಿನ ಚಿತ್ರಗಳ ಸಾಲು.

ಕನ್ನಡದಲ್ಲಿ ಸುದ್ದಿ ಹಂಚಿಕೊಳ್ಳುವುದು ಈಗ ಬಹುಪಾಲು ಹೀಗೇ ನಡೆಯುತ್ತದೆ. ಗೆಳೆಯರು ಸೇರಿ ಸುದ್ದಿ ಓದುವುದು, ಅದರ ಮೇಲೆ ಗಂಟೆಗಟ್ಟಲೆ ವಾದ ಮಾಡುವುದು ನಮಗೇನು ಹೊಸದಲ್ಲ. ಹಾಗಿದ್ದೂ ಮಾತು ಇಷ್ಟು ಸೊರಗಿದ್ದು ಯಾಕೆ? ಜನ ಸೋಮಾರಿಗಳಾಗಿದ್ದಾರೆ ಅಂತ ಬೈದು ಸುಮ್ಮನಾಗಬಹುದು. ನನಗೆ ಕಾಣುವ ಕಾರಣ ಬೇರೆ. ಸುದ್ದಿ ಯಾವ ರೂಪದಲ್ಲಿ ಕೈಯಿಂದ ಕೈಗೆ ಹೋಗುತ್ತದೋ, ಅದರ ಮೇಲಿನ ಚರ್ಚೆಯೂ ಅದಕ್ಕೆ ತಕ್ಕ ಹಾಗೇ ಇರುತ್ತದೆ. ಆ ರೂಪ ಹಲವು ಸಲ ಬದಲಾಗಿದೆ.

ಶುರುವಿನಲ್ಲಿ ಸುದ್ದಿ ಅಂದರೆ ಕೇಳುವ ವಸ್ತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಕಲ್ಲಚ್ಚಿನಲ್ಲಿ ಮುದ್ರಣವಾಗಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಜುಲೈ 1ನ್ನು ನಾವು ಈಗಲೂ ಪತ್ರಿಕಾ ದಿನ ಅಂತ ಆಚರಿಸುವುದು ಅದಕ್ಕೇ. ಆದರೆ ಓದಲು ಬರುವವರು ಎಷ್ಟಿದ್ದರು? ನೂರು ವರ್ಷದ ಮೇಲೆ, 1951ರ ಜನಗಣತಿಯಲ್ಲೂ ದೇಶದ ಸಾಕ್ಷರತೆ ಶೇ 18ರ ಆಸುಪಾಸಿನಲ್ಲೇ ಇತ್ತು. ಹಾಗಾಗಿ ಊರಿಗೆ ಬಂದ ಪೇಪರನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕಟ್ಟೆಯ ಮೇಲೆ ಕೂತು ಕೇಳಬೇಕು. ಕೇಳುವವರು ಸುಮ್ಮನೆ ಕೇಳುತ್ತಾರಾ? ನಡುವೆ ತಡೆದು "ಅದೇನಂದೆ, ಇನ್ನೊಂದ್ಸಲ ಓದು" ಅನ್ನುತ್ತಾರೆ. ಓದುವುದು, ಹಂಚುವುದು, ವಾದ ಮಾಡುವುದು ಎಲ್ಲ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಆಗುತ್ತಿತ್ತು.

ಆಮೇಲೆ ಹೋಟೆಲು, ಹೇರ್ ಕಟಿಂಗ್ ಶಾಪು, ವಾಚನಾಲಯ ಬಂದವು. ಒಂದು ಪೇಪರ್ ಹೋಟೆಲಿನಲ್ಲಿ ಬಿಡಿಬಿಡಿ ಹಾಳೆಯಾಗಿ ನಾಲ್ಕು ಮೇಜಿಗೆ ಹಂಚಿಹೋಗುತ್ತಿತ್ತು. ಮುಖಪುಟ ಒಬ್ಬರ ಹತ್ತಿರ, ಆಟದ ಪುಟ ಇನ್ನೊಬ್ಬರ ಹತ್ತಿರ. "ಸ್ವಾಮಿ, ಮಧ್ಯದ ಹಾಳೆ ಕೊಡ್ತೀರಾ" ಅಂತ ಕೇಳಿದಾಗಲೇ ಗುರುತಿಲ್ಲದವರ ಜತೆ ಮಾತು ಶುರುವಾಗುತ್ತಿತ್ತು. 1980ರಲ್ಲಿ ಜಾಹೀರಾತೇ ಇಲ್ಲದೆ ಶುರುವಾದ 'ಲಂಕೇಶ್ ಪತ್ರಿಕೆ' ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತಾ, ಮೂಲೆಗಳು ಮಡಿಚಿ ಮೆತ್ತಗಾಗುವ ತನಕ ಓದಿಸಿಕೊಳ್ಳುತ್ತಿತ್ತು. ಪತ್ರಿಕೆಗಳ ಲೆಕ್ಕದಲ್ಲಿ ಪ್ರಸಾರವೇ ಬೇರೆ, ಓದುಗರ ಸಂಖ್ಯೆಯೇ ಬೇರೆ. ಒಂದು ಪ್ರತಿ ಹಲವರ ಕೈಗೆ ಹೋಗುವುದರಿಂದಲೇ ಎರಡು ಲೆಕ್ಕ ಇಡಬೇಕಾಗಿದೆ.

ದೂರದ ಗೆಳೆಯರಿಗೆ ಸುದ್ದಿ ಮುಟ್ಟಿಸಲು ಇದ್ದದ್ದು ಅಂಚೆ. ಇಲ್ಲೊಂದು ಸಣ್ಣ ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಇನ್‌ಲ್ಯಾಂಡ್ ಲೆಟರಿನ ಒಳಗೆ ಏನನ್ನೂ ಇಡುವ ಹಾಗಿಲ್ಲ ಅಂತ ಅದರ ಮೇಲೇ ಅಚ್ಚಾಗಿರುತ್ತಿತ್ತು. ಅಂದರೆ ಪೇಪರ್ ಕಟಿಂಗ್ ಕಳಿಸಬೇಕಾದರೆ ಲಕೋಟೆ ತರಬೇಕು, ಜಾಸ್ತಿ ಬೆಲೆಯ ಸ್ಟಾಂಪು ಅಂಟಿಸಬೇಕು. ಕತ್ತರಿ ಹುಡುಕಬೇಕು. ಆ ದಿನದ ಪೇಪರನ್ನು ಮನೆಯಲ್ಲಿ ಎಲ್ಲರೂ ಓದಿ ಮುಗಿಸುವ ತನಕ ಕಾಯಬೇಕು, ಇಲ್ಲದಿದ್ದರೆ ಬೈಗುಳ ಗ್ಯಾರಂಟಿ. ಇಷ್ಟೆಲ್ಲ ಮಾಡಿ ಕಳಿಸುವವರು ಅಂಚಿನಲ್ಲಿ ಪತ್ರಿಕೆಯ ಹೆಸರು, ತಾರೀಖು ಬರೆಯದೆ ಬಿಡುತ್ತಿರಲಿಲ್ಲ. ಜತೆಗಿನ ಕಾಗದದಲ್ಲಿ ಇದನ್ನು ಯಾಕೆ ಕಳಿಸಿದೆ ಅಂತ ನಾಲ್ಕು ಸಾಲಾದರೂ ಇರುತ್ತಿತ್ತು. ಮುಂಬೈಗೋ ಗಲ್ಫಿಗೋ ಹೋದ ಕಟಿಂಗಿಗೆ ಉತ್ತರ ಬರಲು ವಾರಗಳೇ ಬೇಕಿತ್ತು, ನಿಜ. ಆದರೆ ಬಂದ ಉತ್ತರ ಆ ಸುದ್ದಿಯ ಬಗ್ಗೆಯೇ ಇರುತ್ತಿತ್ತು.

ಅಂತರ್ಜಾಲದಲ್ಲಿ ಕನ್ನಡಿಗರು ಸೇರಿದ ಮೊದಲ ದೊಡ್ಡ ಜಾಗಗಳಲ್ಲಿ ಒಂದು ಯೂಸ್‌ನೆಟ್, ವಿಷಯಕ್ಕೊಂದು ಗುಂಪು ಮಾಡಿಕೊಂಡು ಬರಹದಲ್ಲೇ ಚರ್ಚಿಸುವ ಹಳೆಯ ಜಾಲ. ತೊಂಬತ್ತರ ದಶಕದಲ್ಲಿ ಅಲ್ಲಿ ಕರ್ನಾಟಕದ ಹೆಸರಿನದೇ ಒಂದು ಸುದ್ದಿಗುಂಪಿತ್ತು. ಅಮೆರಿಕದಲ್ಲಿ ಓದುತ್ತಿದ್ದವರು, ಕೆಲಸದಲ್ಲಿದ್ದವರು ಊರಿನ ಸುದ್ದಿ ಹಾಕಿ ಚರ್ಚೆ ಮಾಡುತ್ತಿದ್ದರು, ಅದೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು. 1996ರಲ್ಲಿ ಯು.ಬಿ. ಪವನಜ ಅವರ ಅಂತರ್ಜಾಲ ಪತ್ರಿಕೆ 'ವಿಶ್ವಕನ್ನಡ' ಶುರುವಾಯಿತು. 2000ದ ಆಸುಪಾಸಿನಲ್ಲಿ 'ದಟ್ಸ್‌ಕನ್ನಡ' ಅನ್ನುವ ಸುದ್ದಿತಾಣ ಬಂತು. ಹೊರದೇಶದ ಕನ್ನಡಿಗರಿಗೆ ಬೆಳಗಿನ ಕಾಫಿಯ ಜತೆ ಅದು ಬೇಕೇ ಬೇಕಿತ್ತು. ಇಮೇಲ್ ಫಾರ್ವರ್ಡಿನ ಕಾಲವೂ ಅದೇ. ಸಬ್ಜೆಕ್ಟಿನಲ್ಲಿ ಎಫ್‌ಡಬ್ಲ್ಯೂಡಿ, ಎಫ್‌ಡಬ್ಲ್ಯೂಡಿ, ಎಫ್‌ಡಬ್ಲ್ಯೂಡಿ ಅಂತ ಸಾಲು ಇರುತ್ತಿತ್ತಲ್ಲ, ನೋಡಲು ಅಸಹ್ಯ. ಆದರೆ ಅದರಲ್ಲಿ ಒಂದು ಉಪಕಾರವೂ ಇತ್ತು. ಯಾರಿಂದ ಯಾರಿಗೆ ಬಂತು ಅನ್ನುವ ಇಡೀ ವಂಶಾವಳಿ ಕೆಳಗೇ ಇರುತ್ತಿತ್ತು.

ಕನ್ನಡಕ್ಕೆ ಮಾತ್ರ ಇನ್ನೊಂದು ತೊಡಕಿತ್ತು, ಫಾಂಟು. ಪ್ರತಿ ಪತ್ರಿಕೆಯ ಜಾಲತಾಣಕ್ಕೂ ಅದರದ್ದೇ ಫಾಂಟು. ಒಂದು ಪ್ಯಾರಾ ಕಾಪಿ ಮಾಡಿ ಗೆಳೆಯರಿಗೆ ಕಳಿಸುವ ಇಮೇಲಿಗೆ ಅಂಟಿಸಿದರೆ ಅಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದು ಕನ್ನಡ ಟೈಪಿಂಗ್ ಸುಲಭವಾಯಿತು, ಆಮೇಲೆ 'ನುಡಿ' ಬಂತು. ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಸಿಕ್ಕಿತು, ಅಂದರೆ ಫಾಂಟು ಬದಲಾದರೂ ಅಕ್ಷರ ಕೆಡದ ಕನ್ನಡ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರು ಮಾಡಿದ 'ಸಂಪದ' ಜಾಲತಾಣದಲ್ಲಿ ಯೂನಿಕೋಡ್ ಕನ್ನಡದಲ್ಲೇ ಬರೆದು, ಕನ್ನಡದಲ್ಲೇ ಜಗಳವಾಡಿ, ಕನ್ನಡದಲ್ಲೇ ರಾಜಿಯಾದವರು ಎಷ್ಟೋ ಮಂದಿ. ಆದರೆ ಅಷ್ಟು ಹೊತ್ತಿಗೆ ಇನ್ನೊಂದು ಅಭ್ಯಾಸ ಬೇರೂರಿತ್ತು. ಅಕ್ಷರ ಕೈಕೊಟ್ಟರೂ ಚಿತ್ರ ಕೈಕೊಡುವುದಿಲ್ಲ ಅಂತ ಜನ ಕಲಿತುಬಿಟ್ಟಿದ್ದರು. ಮೊಬೈಲ್ ಬಂದಾಗಲೂ ಹಾಗೇ ಆಯಿತು. ಶುರುವಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಸುಮಾರು 2012ರ ನಂತರವೇ ಅದು ಸರಿಯಾಗಿದ್ದು. ಇ-ಪೇಪರಂತೂ ಪುಟದ ಚಿತ್ರವೇ, ಅದರಿಂದ ಸಾಲನ್ನು ಎತ್ತಿಕೊಳ್ಳಲಾಗುತ್ತಿರಲಿಲ್ಲ. ಹಾಗಾಗಿ ಕನ್ನಡದ ಸುದ್ದಿ ಲಿಂಕಾಗುವ ಮೊದಲೇ ಫೋಟೋ ಆಯಿತು. ಈಗ ಹೆಚ್ಚಿನ ಪತ್ರಿಕೆಗಳ ಜಾಲತಾಣ ಯೂನಿಕೋಡಿನಲ್ಲೇ ಇವೆ. ಆದರೂ ಕಟಿಂಗಿನ ಫೋಟೋ ಓಡುತ್ತಲೇ ಇದೆ.

ಇದರಿಂದ ನಷ್ಟ ಏನು ಅಂದರೆ, ಲಿಂಕಿಗೆ ಒಂದು ವಿಳಾಸವಿದೆ. ಒತ್ತಿದರೆ ಮೂಲಕ್ಕೆ ಹೋಗಬಹುದು, ತಾರೀಖು ನೋಡಬಹುದು, ತಿದ್ದುಪಡಿಯಾಗಿದ್ದರೆ ಅದೂ ಕಾಣುತ್ತದೆ. ಫೋಟೋಗೆ ಅದು ಯಾವುದೂ ಇಲ್ಲ. ಹಾಗಂತ ಲಿಂಕ್ ಕಳಿಸಿದ ಕೂಡಲೇ ಓದಿದರು ಅಂತಲೂ ಅಲ್ಲ. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಸಂಶೋಧಕರು ಟ್ವಿಟರಿನಲ್ಲಿ ಹಂಚಿದ ಸುದ್ದಿ ಲಿಂಕುಗಳನ್ನು ಲೆಕ್ಕ ಹಾಕಿದರು. ಅದರಲ್ಲಿ ಶೇ 59ರಷ್ಟನ್ನು ಒಬ್ಬರೂ ಕ್ಲಿಕ್ ಮಾಡಿರಲಿಲ್ಲ. 2020ರಲ್ಲಿ ಟ್ವಿಟರ್ "ಮೊದಲು ಓದುತ್ತೀರಾ?" ಅಂತ ಕೇಳುವ ಒಂದು ಸೂಚನೆಯನ್ನೇ ತರಬೇಕಾಯಿತು. ಆರ್ಕುಟ್ ಅನ್ನುವ ಸಾಮಾಜಿಕ ಜಾಲತಾಣ ಬಂದು 2014ರಲ್ಲಿ ಮುಚ್ಚಿತು, ಅದಕ್ಕೂ ಮೊದಲೇ ಜನ ಫೇಸ್‌ಬುಕ್ಕಿಗೆ ಹೋಗಿದ್ದರು. ಅಲ್ಲಿ ಚರ್ಚೆ ಜೋರಾಗೇ ನಡೆಯಿತು. ಆದರೆ ಅದು ಗೆಳೆಯರ ನಡುವಿನ ಮಾತಲ್ಲ, ಗ್ಯಾಲರಿ ತುಂಬಾ ಜನ ಕೂತಿರುವಾಗ ಆಡುವ ಆಟ. ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಬಿಡಿ.

ಮಾತಿಲ್ಲದೆ ಓಡಿದ ಸುದ್ದಿ ಏನು ಮಾಡಬಲ್ಲದು ಅಂತ ಬೆಂಗಳೂರು ನೋಡಿದ್ದು 2012ರ ಆಗಸ್ಟಿನಲ್ಲಿ. ಅಸ್ಸಾಮಿನ ಕೊಕ್ರಝಾರ್ ಕಡೆ ಹಿಂಸಾಚಾರ ನಡೆದಿತ್ತು. ಅದಕ್ಕೆ ಸೇಡು ತೀರಿಸಲು ಇಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಅಂತ ಎಸ್ಸೆಮ್ಮೆಸ್ ಹರಿದಾಡಿತು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಸಾವಿರಾರು ಜನ ಬ್ಯಾಗು ಹಿಡಿದು ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಪೊಲೀಸರು, ಮಂತ್ರಿಗಳು ಸ್ಟೇಷನ್ನಿಗೇ ಬಂದು ಹೋಗಬೇಡಿ ಅಂತ ಕೇಳಿಕೊಂಡರು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು: ಹದಿನೈದು ದಿನ ಯಾರೂ ಒಟ್ಟಿಗೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸುವ ಹಾಗಿಲ್ಲ. ಕೆಲವೇ ದಿನಗಳಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿದರು.

ಆರು ವರ್ಷದ ಮೇಲೆ ಅದೇ ಐದರ ಲೆಕ್ಕ ಮತ್ತೆ ಬಂತು. ನಡುವೆ, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗಿತ್ತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಿಡಿಯೋ ಊರೂರು ಸುತ್ತಿತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ನೋಡಿದವರಿಗೆ ಎದೆ ಧಸಕ್ ಅನ್ನದೇ ಇರದು. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಮಾಡಿಸಿದ ಜಾಗೃತಿ ಚಿತ್ರ. ಪೂರ್ತಿ ವಿಡಿಯೋದಲ್ಲಿ ಬೈಕಿನವರು ತಿರುಗಿ ಬಂದು ಮಗುವನ್ನು ವಾಪಸ್ ಬಿಡುತ್ತಾರೆ, ಎಚ್ಚರಿಕೆಯ ಒಂದು ಬೋರ್ಡು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಬಿಟ್ಟಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದ ಸ್ನೇಹಿತರ ಗುಂಪೊಂದು ಹಳ್ಳಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅದೇ ಅನುಮಾನಕ್ಕೆ ಕಾರಣವಾಯಿತು. ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲು ಅವರ ವಿಡಿಯೋ ಮುಂದಿನ ಊರು ಮುರ್ಕಿ ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಒಬ್ಬರು ಸತ್ತರು. ವಿಡಿಯೋ ಹರಿದಾಡಿದ ಗ್ರೂಪಿನ ಅಡ್ಮಿನ್ ಕೂಡ ಬಂಧನವಾದವರಲ್ಲಿ ಇದ್ದರು.

ವಾರ ಕಳೆಯುವುದರೊಳಗೆ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟಿಗೆ ಮಾತ್ರ ಫಾರ್ವರ್ಡ್ ಅಂತ ಪ್ರಕಟಿಸಿತು. 2019ರ ಜನವರಿಯಲ್ಲಿ ಅದು ಇಡೀ ಜಗತ್ತಿಗೆ ಬಂತು. 2020ರ ಏಪ್ರಿಲಿನಲ್ಲಿ, ತುಂಬಾ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಂದೇ ಚಾಟಿಗೆ ಕಳಿಸುವಂತೆ ಬಿಗಿ ಮಾಡಿದರು. ಎರಡು ಬಾಣದ ಗುರುತಿರುವ ಸಂದೇಶಗಳು ಅವೇ. ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತು ಅಂತ ಕಂಪನಿಯೇ ಹೇಳಿಕೊಂಡಿತು. ಇರಬಹುದು. ನನ್ನ ತಕರಾರು ಇಷ್ಟೇ: ಸರ್ಕಾರವಾಗಲಿ ಕಂಪನಿಯಾಗಲಿ ಹಾಕಿದ್ದು ಎಣಿಕೆಯ ಬೇಲಿ. ಕಳಿಸುವವರು ಒಂದು ಸಾಲು ಬರೆಯಬೇಕು, ಎಲ್ಲಿಂದ ಬಂತು ಅಂತ ತಿಳಿಯಬೇಕು ಅನ್ನುವುದು ಈ ಮಿತಿಗಳಲ್ಲಿ ಇರಲಿಲ್ಲ. ಗ್ರೂಪುಗಳೇ ಮಾಡಿಕೊಂಡ ನಿಯಮ ಇನ್ನೂ ಸುಲಭದ್ದು: "ಇಲ್ಲಿ ರಾಜಕೀಯ ಬೇಡ." ಆ ನಿಯಮ ಬಂದಲ್ಲಿ ಚರ್ಚೆ ನಿಂತಿತು, ಕಟಿಂಗು ನಿಲ್ಲಲಿಲ್ಲ.

ಲಾಕ್‌ಡೌನ್ ಇನ್ನೊಂದು ತಿರುವು. 2020ರಲ್ಲಿ ಎಷ್ಟೋ ಅಪಾರ್ಟ್‌ಮೆಂಟುಗಳು ಪೇಪರ್ ಹಾಕಿಸಿಕೊಳ್ಳುವುದನ್ನು ನಿಲ್ಲಿಸಿದವು. ಬೆಳಗಾದರೆ ಇಡೀ ಪತ್ರಿಕೆ ಪಿಡಿಎಫ್ ಆಗಿ ಗ್ರೂಪಿಗೆ ಬರತೊಡಗಿತು. ಹಂಚಿದವರು ಸೇವೆ ಅಂದುಕೊಂಡೇ ಹಂಚಿದರು. ಪತ್ರಿಕೆಗಳಿಗೆ ಅದು ಹೊಟ್ಟೆಯ ಮೇಲಿನ ಹೊಡೆತ. ಪತ್ರಿಕೆಗಳ ಸಂಘಟನೆಯಾದ ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿ ಇದು ಕಾನೂನಿಗೆ ವಿರುದ್ಧ ಅಂತ ಎಚ್ಚರಿಸಿತು. ಹಿಂದಿ ಪತ್ರಿಕೆ 'ದೈನಿಕ್ ಜಾಗರಣ್' ದೂರಿನ ಮೇಲೆ ದೆಹಲಿ ಹೈಕೋರ್ಟು, ಇ-ಪೇಪರ್ ಹಂಚುತ್ತಿದ್ದ ಚಾನೆಲ್‌ಗಳನ್ನು ತೆಗೆಯುವಂತೆ ಟೆಲಿಗ್ರಾಂ ಆ್ಯಪಿನವರಿಗೆ ಹೇಳಿತು. ಹೋಟೆಲಿನ ಮಧ್ಯದ ಹಾಳೆಯನ್ನು ಹಂಚಿಕೊಂಡಾಗ ಯಾರೂ ಕೋರ್ಟಿಗೆ ಹೋಗಿರಲಿಲ್ಲ. ಆದರೆ ಆ ಹಾಳೆ ಒಂದೇ ಇತ್ತು, ಅದಕ್ಕೆ ಹೋಟೆಲಿನವರು ದುಡ್ಡು ಕೊಟ್ಟಿದ್ದರು.

ಈಗ ಗಟ್ಟಿ ಚರ್ಚೆ ಉಳಿದಿರುವುದು ಸಣ್ಣ ಗುಂಪುಗಳಲ್ಲಿ. ನಮ್ಮದೂ ಅಂಥದ್ದೊಂದಿದೆ, ಎಂಟ್ಹತ್ತು ಜನ. ಲಿಂಕೇ ಹಾಕಬೇಕು, ಜತೆಗೆ ಎರಡು ಸಾಲು ಬರೆಯಬೇಕು ಅನ್ನುವುದು ನಿಯಮ. ಫೋಟೋ ಬಿಟ್ಟು ಗತಿಯಿಲ್ಲ ಅಂದರೆ ಇ-ಪೇಪರಿನ ಕ್ಲಿಪ್ ಗುಂಡಿಯನ್ನೇ ಒತ್ತಬೇಕು. ಹಲವು ಇ-ಪೇಪರುಗಳಲ್ಲಿ ಹಾಗೆ ಕತ್ತರಿಸಿದ ತುಂಡಿನ ಮೇಲೆ ಪತ್ರಿಕೆಯ ಹೆಸರು, ತಾರೀಖು ತಾನೇ ಬರುತ್ತದೆ. ಈ ನಿಯಮ ಬಂದ ಮೇಲೆ ಸಂದೇಶಗಳು ಎದ್ದು ಕಾಣುವಷ್ಟು ಕಡಿಮೆಯಾದವು, ಇಬ್ಬರು ಬೇಜಾರಾಗಿ ಗುಂಪನ್ನೇ ಬಿಟ್ಟರು.

ಇತ್ತೀಚೆಗೆ ಒಬ್ಬರು, ಕಾವೇರಿಗೆ ಕರ್ನಾಟಕ ಕಟ್ಟಬೇಕೆಂದಿರುವ, ತಮಿಳುನಾಡು ವಿರೋಧಿಸುವ ಮೇಕೆದಾಟು ಅಣೆಕಟ್ಟಿನ ಸುದ್ದಿ ಹಾಕಿದರು, "ಬೆಂಗಳೂರಿಗೆ ನೀರು ಬರುತ್ತೆ ಅಂದ್ರೆ ವಿರೋಧ ಯಾಕೆ?" ಅಂತ ಕೆಳಗೆ ಬರೆದು. ಹೊಸೂರಿನಲ್ಲಿರುವ ಗೆಳತಿ ಅಲ್ಲಿನ ತಮಿಳು ಪತ್ರಿಕೆಯಲ್ಲಿ ಅದೇ ಸುದ್ದಿ ಹೇಗೆ ಬಂದಿದೆ ಅಂತ ಕನ್ನಡದಲ್ಲಿ ಬರೆದು ಹಾಕಿದಳು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಲೆಕ್ಕ ಬಿಡಿಸಿದರು: ಅಣೆಕಟ್ಟಿನ ಸಾಮರ್ಥ್ಯ ಸುಮಾರು 67 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು), ಅದರಲ್ಲಿ ಕುಡಿಯುವ ನೀರಿಗೆ ಅಂತ ತೋರಿಸಿರುವುದು 4.75 ಟಿಎಂಸಿ. ಹಾಗಾದರೆ ಉಳಿದದ್ದು ಯಾತಕ್ಕೆ? ಮಳೆ ಕೈಕೊಟ್ಟ ವರ್ಷ ತಮಿಳುನಾಡಿಗೆ ಬಿಡಲು, ವಿದ್ಯುತ್ತಿಗೆ ಅಂತ ಅವರೇ ವಿವರಿಸಿದರು. ಹೊಸೂರಿನವಳು ಅದನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಕನಕಪುರದ ಕಡೆಯವನೊಬ್ಬ 5,000 ಹೆಕ್ಟೇರಿಗೂ ಜಾಸ್ತಿ ಮುಳುಗುತ್ತದಲ್ಲ, ಅದರಲ್ಲಿ ಬಹುಪಾಲು ಕಾಡು, ಕಾವೇರಿ ವನ್ಯಧಾಮದ್ದೂ ಸೇರಿ, ಅದರ ಮಾತು ಯಾವ ಪತ್ರಿಕೆಯಲ್ಲೂ ಮೊದಲ ಪ್ಯಾರಾದಲ್ಲಿ ಯಾಕಿಲ್ಲ ಅಂತ ಕೇಳಿದ. ಆ ಪ್ರಶ್ನೆಯ ಮೇಲೆ ಗುಂಪು ಎರಡಾಗಿದೆ. ಸುದ್ದಿ ಹಾಕಿದವರು ಮಾತ್ರ ಎರಡೂ ಕಡೆಗೆ "ಲಿಂಕ್ ಕೊಡಿ" ಅನ್ನುತ್ತಿದ್ದಾರೆ.